ಎಣ್ಣೆಗಾಯಿಗೆ ಎಷ್ಟು ಅಂತ ಬರೆದುಕೊಳ್ಳಲಿ?

ಕ್ಯಾಲೊರಿ ಲೆಕ್ಕ ಇಡುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ, ಹೊರಗೆ ತಿನ್ನಬೇಡಿ. ಹೇಳೋದು ಸುಲಭ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಬೇಗ ಹೊರಟ ದಿನ ತಿಂಡಿ ಹೊರಗೆ, ತೆರಿಗೆ ಕಟ್ಟುವ ವಾರದಲ್ಲಿ ಮಧ್ಯಾಹ್ನದ ಊಟವೂ ಹೊರಗೆ, ಮಾಲು ಕೊಳ್ಳುವ ವ್ಯಾಪಾರಿ ಪರಊರಿಂದ ಬಂದರೆ ರಾತ್ರಿ ಊಟವೂ ಹೊರಗೆ. ಇಷ್ಟನ್ನೂ ಬಿಡಬೇಕು ಅಂದರೆ ಕೆಲಸವನ್ನೇ ಬಿಡಬೇಕು.

ಸಕ್ಕರೆ ಕಾಯಿಲೆಯ ಅಂಚಿಗೆ ಬಂದು ನಿಂತಿದ್ದೀರಿ, ತೂಕ ಇಳಿಸಿ ಅಂತ ಡಾಕ್ಟರ್ ಹೇಳಿದ ಮೇಲೆ ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ನಿಜ ಹೇಳಬೇಕಂದರೆ ಸ್ವಲ್ಪ ಖುಷಿಯೂ ಆಯಿತು. ವೋಚರ್ ಇಲ್ಲದೆ ಒಂದು ರೂಪಾಯಿ ಖರ್ಚೂ ಬರೆಯಬೇಡಿ ಅಂತ ಆಫೀಸಿನ ಹುಡುಗರಿಗೆ ದಿನಾ ಹೇಳುವವನು ನಾನು, ಲೆಕ್ಕ ಅಂದರೆ ನನಗೇನು ಹೊಸದಲ್ಲ. ಆದರೆ ಹೋಟೆಲಿನ ತಟ್ಟೆಗೆ ವೋಚರ್ ಇರುವುದಿಲ್ಲ. ಅಲ್ಲಿಂದ ಶುರುವಾಗುತ್ತದೆ ತಕರಾರು.

ಒಗ್ಗರಣೆ-ಮಿರ್ಚಿಯನ್ನೇ ತಗೊಳ್ಳಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಪಕ್ಕಕ್ಕೆ ಮೆಣಸಿನಕಾಯಿ ಬಜ್ಜಿ. ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲಿಗೆ ಹೋದರೂ ಬೆಳಿಗ್ಗೆ ಬಂಡಿಯ ಮುಂದೆ ಜನ ಇದಕ್ಕೇ ನಿಂತಿರುತ್ತಾರೆ. ಗಡಿ ದಾಟಿ ಗುಂತಕಲ್, ಆದೋನಿ ಕಡೆ ಹೋದರೆ ಇದೇ ತಿಂಡಿ ಉಗ್ಗಾಣಿ-ಬಜ್ಜಿ. ನೋಡೋಕೆ ಬಹಳ ಹಗುರ. ಮಂಡಕ್ಕಿಯಲ್ಲಿ ಏನಿದೆ, ಬರೀ ಗಾಳಿ ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತು ಸುಳ್ಳೇನಲ್ಲ. ಒಂದು ದೊಡ್ಡ ಬಟ್ಟಲು ತುಂಬಾ ಮಂಡಕ್ಕಿ ತೂಗಿದರೆ 25 ಗ್ರಾಂ ಬಂದರೆ ಹೆಚ್ಚು, ಅದಕ್ಕೆ 90 ಕ್ಯಾಲೊರಿ ಆದೀತು.

ಬಂಡಿಯವನು ಏನು ಮಾಡುತ್ತಾನೆ ಅಂತ ಒಂದು ಸಲ ಪಕ್ಕದಲ್ಲಿ ನಿಂತು ನೋಡಿ. ದೊಡ್ಡ ಬೋಗುಣಿಯಲ್ಲಿ ನೀರು, ಅದರೊಳಗೆ ಮಂಡಕ್ಕಿ ಸುರಿದು ಎರಡು ಸಲ ಮುಳುಗಿಸಿ, ಎರಡೂ ಕೈಯಲ್ಲಿ ಎತ್ತಿ ಹಿಂಡಿ ಪಕ್ಕಕ್ಕೆ ಹಾಕುತ್ತಾನೆ. ಬೋಗುಣಿ ತುಂಬಾ ಇದ್ದದ್ದು ಹಿಂಡಿದ ಮೇಲೆ ಎರಡು ಮುಷ್ಟಿ. ಗಾಳಿ ಅಲ್ಲೇ ಹೋಯಿತು. ಆಮೇಲೆ ಬಾಣಲೆಗೆ ಎಣ್ಣೆ. ಚಮಚದಿಂದ ಅಲ್ಲ, ಕ್ಯಾನಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟು ಸುತ್ತಲೂ ಒಂದು ಸುತ್ತು. ಸಾಸಿವೆ, ಶೇಂಗಾ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಟೊಮೆಟೊ, ಅರಿಶಿಣ. ಹಿಂಡಿಟ್ಟ ಮಂಡಕ್ಕಿ ಅದರೊಳಗೆ ಬಿದ್ದು ಎರಡು ಸಲ ಮಗುಚಿಕೊಂಡ ಮೇಲೆ ನೋಡಿದರೆ ಬಾಣಲೆಯ ತಳದಲ್ಲಿ ಎಣ್ಣೆಯೇ ಇರುವುದಿಲ್ಲ, ಅಷ್ಟನ್ನೂ ಮಂಡಕ್ಕಿ ಕುಡಿದಿರುತ್ತದೆ. ಮೇಲೆ ಪುಟಾಣಿ (ಹುರಿಗಡಲೆ) ಪುಡಿ, ಕೊತ್ತಂಬರಿ, ಲಿಂಬೆಹಣ್ಣು. ಪಕ್ಕಕ್ಕೆ ಎರಡು ಮಿರ್ಚಿ, ಬಿಸಿಬಿಸಿ.

ನನ್ನ ಅಂದಾಜು ಹೀಗೆ. ಒಂದು ಪ್ಲೇಟಿಗೆ ಒಣ ಮಂಡಕ್ಕಿ 50 ಗ್ರಾಂ ಅಂದರೂ 180 ಕ್ಯಾಲೊರಿ. ಎಣ್ಣೆ ದೊಡ್ಡ ಚಮಚದಲ್ಲಿ ಎರಡು, ಚಮಚಕ್ಕೆ 120ರ ಹಾಗೆ 240. ಶೇಂಗಾ 20 ಗ್ರಾಂ, 110. ಪುಟಾಣಿ ಪುಡಿ 40. ಮಿರ್ಚಿಯಲ್ಲಿ ಮೆಣಸಿನಕಾಯಿಗೆ ಲೆಕ್ಕವೇ ಇಲ್ಲ, ಕಡ್ಲೆಹಿಟ್ಟು ಮತ್ತು ಅದು ಹೀರಿದ ಎಣ್ಣೆ ಸೇರಿ ಒಂದಕ್ಕೆ 150 ಇಟ್ಟುಕೊಳ್ಳಿ. ಎಲ್ಲ ಕೂಡಿದರೆ 870. ಬಂಡಿಯಿಂದ ಬಂಡಿಗೆ ನೂರಿನ್ನೂರು ಆಚೀಚೆ ಆಗುತ್ತದೆ, ಬಿಡಿ. ನನಗೆ ಮುಖ್ಯ ಅನಿಸಿದ್ದು ಒಟ್ಟು ಮೊತ್ತ ಅಲ್ಲ. ಏನು ತಿಂದೆ ಅಂತ ಕೇಳಿದರೆ 'ಮಂಡಕ್ಕಿ' ಅನ್ನುತ್ತೇನೆ, ಆ 870ರಲ್ಲಿ ಮಂಡಕ್ಕಿಯ ಪಾಲು ಐದನೇ ಒಂದು ಭಾಗ. ಉಳಿದದ್ದಕ್ಕೆ ನಾನು ಹೆಸರೇ ಹೇಳಲಿಲ್ಲ. (ಮಿರ್ಚಿಯನ್ನು ಪೇಪರಿನ ಮೇಲೆ ಒತ್ತಿ ಎಣ್ಣೆ ತೆಗೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಹಳೇ ನ್ಯೂಸ್‌ಪೇಪರಿನ ಶಾಯಿ ಆಹಾರಕ್ಕೆ ಹತ್ತುತ್ತದೆ, ಬಳಸಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದವರು ಹೇಳಿದ್ದಾರೆ. ಪೇಪರಿಗೆ ಹತ್ತೋದು ಮೇಲಿನ ಎಣ್ಣೆ ಅಷ್ಟೇ, ಒಳಗಿನದು ಹೊಟ್ಟೆಗೇ.)

ಈಗ ಆ್ಯಪ್ ಏನು ಹೇಳುತ್ತದೆ ನೋಡಿ. 'ಮಂಡಕ್ಕಿ' ಅಂತ ಹಾಕಿದರೆ ಹತ್ತಾರು ಸಾಲು ಬರುತ್ತವೆ. ಒಂದರಲ್ಲಿ 150, ಇನ್ನೊಂದರಲ್ಲಿ 400. ಯಾರೋ ಪುಣ್ಯಾತ್ಮರು ಅವರ ಮನೆಯ ಬಾಣಲೆ ನೋಡಿ ಹಾಕಿದ ಸಂಖ್ಯೆ. ಕೈ ತನ್ನಷ್ಟಕ್ಕೆ ತಾನೇ 150ರ ಕಡೆಗೆ ಹೋಗುತ್ತದೆ, ಅಲ್ವಾ? ಇದು ನನ್ನೊಬ್ಬನ ಚಾಳಿ ಅಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಅನ್ನುತ್ತಿದ್ದ ಒಂದು ಸಣ್ಣ ಗುಂಪಿನ ಜನರನ್ನ ಪರೀಕ್ಷೆ ಮಾಡಿದರು. ಅವರು ಬರೆದುಕೊಂಡಿದ್ದು ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಇತ್ತು. ಅವರೇನು ಸುಳ್ಳು ಬರೆಯಬೇಕು ಅಂತ ಬರೆದವರಲ್ಲ. ಹೆಸರು ಇದ್ದದ್ದನ್ನ ಬರೆದಿದ್ದಾರೆ, ಹೆಸರಿಲ್ಲದ್ದು ಬಿಟ್ಟುಹೋಗಿದೆ ಅಂತ ನನ್ನ ಊಹೆ.

ಬಂಡಿಯ ತಿಂಡಿಗೆ ಒಂದು ಅನುಕೂಲ ಏನಂದರೆ ಪ್ಲೇಟು ಮುಗಿಯುತ್ತದೆ. ಖಾನಾವಳಿಯಲ್ಲಿ ಅದು ಮುಗಿಯುವುದಿಲ್ಲ.

ನಾನು ಹೋಗುವ ಖಾನಾವಳಿಯಲ್ಲಿ ಮೂಲೆಯ ಜಾಗದಲ್ಲಿ ಕೂತರೆ ಒಲೆ ಕಾಣುತ್ತದೆ. ರೊಟ್ಟಿ ಬಡಿಯುವ ಅಮ್ಮ ಬಿಸಿನೀರಲ್ಲಿ ನಾದಿದ ಹಿಟ್ಟಿನ ಉಂಡೆ ತಗೊಂಡು, ಒಣ ಹಿಟ್ಟಿನ ಮೇಲೆ ಇಟ್ಟು, ಎರಡೂ ಅಂಗೈಯಿಂದ ಬಡಿಯುತ್ತಾ ತಿರುಗಿಸುತ್ತಾ ಹೋಗುತ್ತಾರೆ. ಅಗಲ ಆದದ್ದನ್ನ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುವಷ್ಟರಲ್ಲಿ ತಿರುವಿ ಹಾಕಿದರೆ ಉಬ್ಬಿಕೊಂಡು ಬರುತ್ತದೆ. ಇಷ್ಟು ಕೆಲಸದಲ್ಲಿ ಒಂದು ಹನಿ ಎಣ್ಣೆ ಇಲ್ಲ. ಜೋಳದ ಹಿಟ್ಟು 100 ಗ್ರಾಂಗೆ 330ರಿಂದ 350 ಕ್ಯಾಲೊರಿ, ಒಂದು ರೊಟ್ಟಿಗೆ 50-60 ಗ್ರಾಂ ಹಿಟ್ಟು ಅಂದರೆ ಲೆಕ್ಕ 200ರ ಆಸುಪಾಸು ನಿಲ್ಲುತ್ತದೆ. ಹೋಟೆಲಿನಲ್ಲಿ ಸಿಗುವ ಎಲ್ಲ ತಿನಿಸಿನ ಪೈಕಿ ನಾನು ಧೈರ್ಯವಾಗಿ ಬರೆದುಕೊಳ್ಳೋದು ಇದೊಂದನ್ನೇ.

ಮತ್ತೆ ಎಣ್ಣೆಗಾಯಿ. ಬದನೆಕಾಯಿಗೆ 100 ಗ್ರಾಂಗೆ 25 ಕ್ಯಾಲೊರಿ, ಅದು ಪಾಪ. ಒಳಗೆ ತುಂಬಿದ ಮಸಾಲೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಎಲ್ಲ ಇರುತ್ತದೆ. ಇವೆಲ್ಲ ಎಣ್ಣೆ ತೆಗೆಯುವ ಸಾಮಾನು, 100 ಗ್ರಾಂಗೆ ಐನೂರು, ಆರುನೂರು ಕ್ಯಾಲೊರಿ. ಅವುಗಳ ಪುಡಿಯನ್ನ ಮತ್ತೆ ಎಣ್ಣೆಯಲ್ಲೇ ಬೇಯಿಸಿ, ಮೇಲೆ ಒಂದು ಬೆರಳಿನಷ್ಟು ಎಣ್ಣೆ ತೇಲಿಸಿ ಬಡಿಸುತ್ತಾರೆ. ಎರಡು ಸಣ್ಣ ಬದನೆಕಾಯಿ ಇರುವ ಒಂದು ಸೌಟಿಗೆ 400 ಅಂತ ಬರೆದರೆ ಹೆಚ್ಚಾಗಲಿಕ್ಕಿಲ್ಲ. ಎರಡು ರೊಟ್ಟಿ ಒಂದು ಕಡೆ, ಒಂದು ಸೌಟು ಎಣ್ಣೆಗಾಯಿ ಒಂದು ಕಡೆ, ಎರಡೂ ಸರಿಸಮ.

ಇದರ ಜೊತೆಗೆ ಕೇಳದೇ ಬರುವ ಶೇಂಗಾ ಹಿಂಡಿ (ಚಟ್ನಿಪುಡಿ), ಅದರ ನಡುವೆ ಗುಂಡಿ ಮಾಡಿ ಹಾಕುವ ಹಸಿ ಎಣ್ಣೆ ಅಥವಾ ಮೊಸರು. ಹಿಂಡಿ ಒಂದು ಚಮಚಕ್ಕೆ 50, ಎಣ್ಣೆಗೆ ಬೇರೆ. ಯಾರು ಒಂದು ಚಮಚಕ್ಕೆ ನಿಲ್ಲಿಸುತ್ತಾರೆ?

ನಮ್ಮ ಕಡೆ ಊಟ ಕಡಿಮೆ ಮಾಡೋದು ಅಂದರೆ ರೊಟ್ಟಿ ಕಡಿಮೆ ಮಾಡೋದು. ಸಕ್ಕರೆ ಕಾಯಿಲೆ ಬಂದವರೆಲ್ಲ ಇದನ್ನೇ ಹೇಳುತ್ತಾರೆ, 'ನಾ ಈಗ ಒಂದ ರೊಟ್ಟಿ ನೋಡ್ರಿ.' ಒಂದು ರೊಟ್ಟಿಗೆ ಎರಡು ಸಲ ಎಣ್ಣೆಗಾಯಿ, ಅರ್ಧ ಬಟ್ಟಲು ಹಿಂಡಿ. ಮೇಲೆ ಅನ್ನ, ಅನ್ನಕ್ಕೆ ತುಪ್ಪ. ಬಿಟ್ಟದ್ದು ತಟ್ಟೆಯಲ್ಲಿ ಸುಲಭವಾಗಿ ಲೆಕ್ಕಕ್ಕೆ ಸಿಗುತ್ತಿದ್ದ ಒಂದೇ ವಸ್ತು, ಎಣ್ಣೆ ಇಲ್ಲದ ಒಂದೇ ವಸ್ತು. ರೊಟ್ಟಿ ಎಷ್ಟು ಬೇಕಾದರೂ ತಿನ್ನಿ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಇರುವವರು ಹಿಟ್ಟಿನ ಲೆಕ್ಕವನ್ನೂ ನೋಡಬೇಕು, ಅದನ್ನ ಅವರವರ ಡಾಕ್ಟರ್ ಹತ್ತಿರ ಕೇಳಬೇಕು. ತೂಕದ ವಿಷಯಕ್ಕೆ ಬಂದರೆ ಮಾತ್ರ ಬೈಗುಳ ತಿನ್ನುವುದು ರೊಟ್ಟಿ, ತಪ್ಪಿಸಿಕೊಳ್ಳುವುದು ಎಣ್ಣೆಗಾಯಿ.

ಇಂಥಾ ಊಟ ಇಲ್ಲಿ ಯಾಕೆ ಬಂತು ಅಂತ ಯೋಚನೆ ಮಾಡಿದರೆ ಅಡುಗೆಯವರ ಮೇಲೆ ಸಿಟ್ಟು ಬರುವುದಿಲ್ಲ. ಇದು ಕಪ್ಪು ಮಣ್ಣಿನ, ಮಳೆ ಕಡಿಮೆ ಇರುವ ಸೀಮೆ. ಹೊಲದಲ್ಲಿ ಬೆಳೆದದ್ದು ಜೋಳ, ಶೇಂಗಾ, ಎಳ್ಳು, ಗುರೆಳ್ಳು. ಬೆಳೆದದ್ದನ್ನ ತಿಂದರು. ತುಂಗಭದ್ರಾ ಡ್ಯಾಂ ಆಗಿ ಕಾಲುವೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಗದ್ದೆ ಎದ್ದವು, ತಟ್ಟೆಗೆ ಅನ್ನ ಧಾರಾಳವಾಗಿ ಸೇರಿತು. ಹೊಸದು ಬಂದಿತು ಅಂತ ಹಳೆಯದು ಹೋಗಲಿಲ್ಲ, ಎರಡೂ ಉಳಿದವು. ಈಗ ಒಂದೇ ಊಟದಲ್ಲಿ ಒಣ ಭೂಮಿಯ ಊಟವೂ ನೀರಾವರಿಯ ಊಟವೂ ಇದೆ.

ಇದನ್ನ ತಿಂದವರು ಬಿಸಿಲಲ್ಲಿ ಹೊಲ ಹರಗಿದವರು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 2020ರಲ್ಲಿ ಕೊಟ್ಟ ಪಟ್ಟಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 65 ಕಿಲೋ ತೂಕದ, ಮೈಮುರಿದು ದುಡಿಯುವ ಗಂಡಸಿಗೆ ದಿನಕ್ಕೆ 3,470 ಕ್ಯಾಲೊರಿ ಬೇಕು. ಅದೇ ತೂಕದ, ಕೂತು ಕೆಲಸ ಮಾಡುವ ಗಂಡಸಿಗೆ 2,110. ನಡುವಿನ 1,360 ಅಂದರೆ ಖಾನಾವಳಿಯ ಒಂದು ಭರ್ಜರಿ ಊಟ. ನನ್ನ ಅಜ್ಜ ತಿಂದು ಕರಗಿಸುತ್ತಿದ್ದ ಊಟವನ್ನ ನಾನು ತಿಂದು ಕಂಪ್ಯೂಟರ್ ಮುಂದೆ ಕೂರುತ್ತೇನೆ.

ಅದೇ ಪಟ್ಟಿಯಲ್ಲಿ ಕೂತು ಕೆಲಸ ಮಾಡುವ, 55 ಕಿಲೋ ತೂಕದ ಹೆಂಗಸಿಗೆ 1,660. ಇದನ್ನ ನನ್ನ ಹೆಂಡತಿಗೆ ತೋರಿಸಿದಾಗ ಆಕೆ ಕೇಳಿದ್ದು ಒಂದೇ ಮಾತು: 'ಮತ್ತೆ ಹೋಟೆಲಿನ್ಯಾಗ ಇಬ್ಬರಿಗೂ ಒಂದೇ ಅಳತಿ ಯಾಕ್ ಕೊಡ್ತಾರ?' ಉತ್ತರ ನನ್ನ ಹತ್ತಿರ ಇರಲಿಲ್ಲ. ದರ ಒಂದೇ, ಹಾಗಾಗಿ ಅಳತೆಯೂ ಒಂದೇ ಅಂತ ಏನೋ ಹೇಳಿದೆ.

ಆಕೆಯ ಪ್ರಶ್ನೆ ಮೆನುವಿನಲ್ಲಿ ಬರೆಯುವ ಸಂಖ್ಯೆಗೂ ಅನ್ವಯಿಸುತ್ತದೆ. ದೊಡ್ಡ ಸರಪಳಿ ಅಂಗಡಿಗಳ ಮೆನುವಿನಲ್ಲಿ ಈಗ ಪ್ರತಿ ತಿನಿಸಿನ ಮುಂದೆ ಕ್ಯಾಲೊರಿ ಬರೆದಿರುತ್ತಾರೆ, ನೋಡಿರಬಹುದು. 2020ರ ನಿಯಮ ಅದು, 2022ರಲ್ಲಿ ಜಾರಿಗೆ ಬಂತು. ಹತ್ತು ಅಥವಾ ಹೆಚ್ಚು ಕಡೆ ಅಂಗಡಿ ಇರುವವರು, ಕೇಂದ್ರದ ಲೈಸೆನ್ಸ್ ಇರುವವರು ಬರೆಯಲೇಬೇಕು. ಜೊತೆಗೆ ಚಟುವಟಿಕೆಯಿಂದಿರುವ ಸಾಮಾನ್ಯ ವಯಸ್ಕರಿಗೆ ದಿನಕ್ಕೆ 2,000 ಕ್ಯಾಲೊರಿ ಬೇಕು, ಇದು ಒಬ್ಬೊಬ್ಬರಿಗೆ ಒಂದೊಂದು ಥರ ಇರಬಹುದು ಅನ್ನುವ ಒಂದು ಸಾಲೂ ಇರಬೇಕು. ದಿನವಿಡೀ ಕೂತು ಕೆಲಸ ಮಾಡುವ ಹೆಂಗಸಿಗೆ ಆ 2,000 ಜಾಸ್ತಿಯೇ ಆಯಿತು.

ನಿಯಮ ಒಳ್ಳೆಯದೇ. ಆದರೆ ಅದರಿಂದ ಒಂದು ವಿಚಿತ್ರ ಆಗಿದೆ. ಬಳ್ಳಾರಿಯಲ್ಲಿ ಪಿಜ್ಜಾ ಅಂಗಡಿಗೆ ಹೋದರೆ ಸಂಖ್ಯೆ ಗೋಡೆಯ ಮೇಲೇ ಇರುತ್ತದೆ, ಖಾನಾವಳಿಗೆ ಹೋದರೆ ಇಲ್ಲ. ಲೆಕ್ಕ ಇಡುವವನಿಗೆ ಸಂಖ್ಯೆ ಇರುವ ಕಡೆ ನೆಮ್ಮದಿ. ಆ್ಯಪ್‌ನಲ್ಲಿ ಒತ್ತಿದರೆ ಮುಗಿಯಿತು. ನಮ್ಮ ಆಫೀಸಿನ ಒಬ್ಬ ಹುಡುಗ ಇದೇ ಕಾರಣಕ್ಕೆ ಊಟದ ಹೊತ್ತಿಗೆ ಬರ್ಗರ್ ತಿನ್ನುತ್ತಾನೆ. ಖಾನಾವಳಿ ಬಾ ಅಂದರೆ 'ಅಲ್ಲಿ ಎಷ್ಟ್ ಅಂತ ಗೊತ್ತಾಗಲ್ಲಣ್ಣ' ಅನ್ನುತ್ತಾನೆ. ಕಾಳು, ಸೊಪ್ಪು, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ಇರುವ ಊಟವನ್ನ ಸಂಖ್ಯೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಬಿಡೋದು ನನಗೆ ಸರಿ ಕಾಣುವುದಿಲ್ಲ.

ಆದರೆ ಹುಡುಗನ ಮಾತಿನಲ್ಲಿ ಹುರುಳೇ ಇಲ್ಲ ಅಂತಲೂ ಹೇಳಲಾರೆ. 2018ರಲ್ಲಿ ಐದು ದೇಶಗಳ ಹೋಟೆಲ್ ಊಟವನ್ನ ಲ್ಯಾಬಿನಲ್ಲಿ ಸುಟ್ಟು ಅಳೆದ ಒಂದು ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಭಾರತದ ಪಾಲಿಗೆ ಅದರಲ್ಲಿ ಇದ್ದದ್ದು ನಮ್ಮ ಬೆಂಗಳೂರು. ಕೂತು ಉಣ್ಣುವ ಹೋಟೆಲುಗಳ ಊಟದಲ್ಲಿ 94%, ಫಾಸ್ಟ್ ಫುಡ್‌ನಲ್ಲಿ 72% ಊಟಗಳು 600 ಕ್ಯಾಲೊರಿ ದಾಟಿದ್ದವು. ಸರಾಸರಿ ನೋಡಿದರೆ ಕೂತು ಉಣ್ಣುವ ಊಟಕ್ಕೆ 1,317, ಫಾಸ್ಟ್ ಫುಡ್‌ಗೆ 809. ಎಲ್ಲರೂ ಬೈಯೋದು ಫಾಸ್ಟ್ ಫುಡ್‌ನ, ಅಳೆದರೆ ಹೆಚ್ಚು ಬಂದದ್ದು ಊಟದ ಹೋಟೆಲಿನಲ್ಲಿ. ಫಾಸ್ಟ್ ಫುಡ್ ಒಳ್ಳೆಯದು ಅಂತ ಇದರ ಅರ್ಥ ಅಲ್ಲ, ಬರ್ಗರ್‌ಗೆ ಯಾರೂ ಬಂದು ಎರಡನೇ ಸಲ ಬಡಿಸುವುದಿಲ್ಲ ಅಷ್ಟೇ.

ಸುಟ್ಟು ಅಳೆಯೋದು ಅಂದೆನಲ್ಲ, ಆಹಾರದ ಕ್ಯಾಲೊರಿ ಅಳೆಯೋದೇ ಹಾಗೆ. ಆಹಾರ ಒಣಗಿಸಿ, ಉಕ್ಕಿನ ಡಬ್ಬಿಯಲ್ಲಿ ಆಮ್ಲಜನಕ ತುಂಬಿ ಸುಟ್ಟು, ಸುತ್ತಲಿನ ನೀರು ಎಷ್ಟು ಬಿಸಿಯಾಯಿತು ಅಂತ ನೋಡುತ್ತಾರೆ. 19ನೇ ಶತಮಾನದ ಕೊನೆಗೆ ಅಮೆರಿಕದ ವಿಲ್ಬರ್ ಅಟ್‌ವಾಟರ್ ಅನ್ನುವವರು ಇದರ ಮೇಲೆ ವರ್ಷಗಟ್ಟಲೆ ಕೂತು, ದೇಹ ಹೊರಗೆ ಹಾಕುವುದನ್ನೂ ಕಳೆದು, ಹಿಟ್ಟು-ಸಕ್ಕರೆಗೆ ಗ್ರಾಂಗೆ 4, ಪ್ರೋಟೀನ್‌ಗೆ 4, ಕೊಬ್ಬಿಗೆ 9 ಅಂತ ಲೆಕ್ಕ ಕಟ್ಟಿದರು. ಇವತ್ತಿಗೂ ಬಿಸ್ಕತ್ ಪೊಟ್ಟಣದ ಹಿಂದೆ ಇರುವುದು ಹೆಚ್ಚುಕಡಿಮೆ ಅದೇ. ಅದೂ ಪೂರ್ತಿ ಕರಾರುವಾಕ್ಕಲ್ಲ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯವರು ಇಡೀ ಬಾದಾಮಿ ತಿನ್ನಿಸಿ ಪರೀಕ್ಷೆ ಮಾಡಿದಾಗ, 28 ಗ್ರಾಂಗೆ ಪಟ್ಟಿಯ ಪ್ರಕಾರ 170 ಇರಬೇಕಾದದ್ದು ದೇಹಕ್ಕೆ ದಕ್ಕಿದ್ದು 129 ಮಾತ್ರ. ಅಗಿದರೂ ನುಣ್ಣಗಾಗದ ಚೂರುಗಳಿಂದ ಕೊಬ್ಬು ಪೂರ್ತಿ ಹೊರಗೆ ಬರುವುದಿಲ್ಲ. ನಾವು ಶೇಂಗಾವನ್ನ ಹಾಗೆ ಎಲ್ಲಿ ಬಿಡುತ್ತೇವೆ? ಹುರಿದು, ಕುಟ್ಟಿ, ಪುಡಿ ಮಾಡಿ, ದೇಹಕ್ಕೆ ಯಾವ ಕಷ್ಟವೂ ಆಗದ ಹಾಗೆ ಹಿಂಡಿ ಮಾಡಿ ಕೊಡುತ್ತೇವೆ.

ಆ 4 ಮತ್ತು 9 ಮನಸ್ಸಿನಲ್ಲಿ ಇದ್ದರೆ ಹೋಟೆಲಿನಲ್ಲಿ ಆ್ಯಪ್ ತೆಗೆಯುವ ಅವಶ್ಯಕತೆ ಬಹಳ ಇಲ್ಲ. ನಾನು ಈಗ ಮಾಡುವುದು ಇಷ್ಟು. ತಿಂಡಿಯ ಹೆಸರು ಆಮೇಲೆ, ಮೊದಲು ಎಣ್ಣೆ ಬರೆದುಕೊಳ್ಳುತ್ತೇನೆ. ಎಣ್ಣೆ ಕಣ್ಣಿಗೆ ಕಂಡರೆ ಎರಡು ಚಮಚ, ತೇಲುತ್ತಿದ್ದರೆ ಮೂರು. ಶೇಂಗಾ, ಕೊಬ್ಬರಿ ಇದ್ದರೆ ಇನ್ನೊಂದು ನೂರು. ಆಮೇಲೆ ರೊಟ್ಟಿ, ಅನ್ನ. ಎರಡನೇ ಸಲ ಬಡಿಸಿದ್ದನ್ನ ಹೊಸ ಊಟದ ಹಾಗೆ ಬೇರೆ ಸಾಲಿನಲ್ಲಿ. ಸಂಖ್ಯೆ ಹೆಚ್ಚುಕಡಿಮೆ ಆಗುತ್ತದೆ, ಆಗಲಿ. ಬದನೆಕಾಯಿ ಅಂತ ಬರೆದು 60 ಹಾಕುವುದಕ್ಕಿಂತ ಎಣ್ಣೆ ಅಂತ ಬರೆದು 300 ಹಾಕುವುದು ಸತ್ಯಕ್ಕೆ ಹತ್ತಿರ.

ಬರೆಯೋದು ಸುಲಭ, ಬೇಡ ಅನ್ನೋದು ಕಷ್ಟ. ಖಾನಾವಳಿಯಲ್ಲಿ ಬಡಿಸುವವರು ನಿಮ್ಮ ಮುಖ ನೋಡುವುದಿಲ್ಲ, ತಟ್ಟೆ ನೋಡುತ್ತಾರೆ. ಖಾಲಿ ಜಾಗ ಕಂಡರೆ ಕೈ ಬರುತ್ತದೆ.

'ಬಿಸಿ ರೊಟ್ಟಿ ಹಾಕ್ಲೇನ್ರಿ?'

'ರೊಟ್ಟಿ ಹಾಕ್ರಿ. ಪಲ್ಯ ಸಾಕು.'

'ಬರೇ ರೊಟ್ಟಿ ಹೆಂಗ್ ತಿಂತೀರಿ? ತಗೋರಿ, ಸ್ವಲ್ಪ.'

ಆ 'ಸ್ವಲ್ಪ' ಒಂದು ಪೂರ್ತಿ ಸೌಟು. ಸಕ್ಕರೆ ಐತ್ರಿ ಅಂದರೆ ಪಾಯಸ ಕೊಡುವುದಿಲ್ಲ, ಆದರೆ ಪಾಪ ಸಿಹಿ ತಿನ್ನಂಗಿಲ್ಲ ಅಂತ ಕನಿಕರಕ್ಕೆ ಎಣ್ಣೆಗಾಯಿ ಇನ್ನೂ ಸ್ವಲ್ಪ ಹೆಚ್ಚೇ ಬೀಳುತ್ತದೆ. ಕೈ ಅಡ್ಡ ಹಿಡಿದರೂ ಕೈ ಸಂದಿಯಿಂದ ಬಡಿಸುವ ಕಲೆ ಅವರಿಗಿದೆ. ಕೊನೆಗೆ ಕಂಡುಕೊಂಡ ಉಪಾಯ, ಕೂತ ತಕ್ಷಣ ಹಸಿ ಸೌತೆಕಾಯಿ, ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು ಕೇಳಿ ಪಡೆದು ತಟ್ಟೆಯ ಅರ್ಧ ಭಾಗ ತುಂಬಿಸಿಬಿಡೋದು. ಮಡಿಕೆ ಕಾಳಿನ ಪಲ್ಯ ಇದ್ದ ದಿನ ಅದನ್ನೇ ಎರಡು ಸಲ, ಎಣ್ಣೆಗಾಯಿ ಒಂದು ಸಲ. ಜಾಗ ಇಲ್ಲದಿದ್ದರೆ ಅವರೂ ಮುಂದೆ ಹೋಗುತ್ತಾರೆ, ಅವರಿಗೂ ಬೇಜಾರಿಲ್ಲ.

ಆಂಧ್ರ ಮೀಲ್ಸ್ ಕಡೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಅನ್ನದ ಗುಡ್ಡವೇ ಮೊದಲು ಬರುತ್ತದೆ, ಪಪ್ಪು (ಬೇಳೆ), ಪುಡಿ, ತುಪ್ಪ ಬೆನ್ನಿಗೇ ಬರುತ್ತವೆ. ಅಲ್ಲಿ ನಾನು ತುಪ್ಪವೋ ಹಪ್ಪಳವೋ ಒಂದನ್ನ ಬಿಡುತ್ತೇನೆ. ಬಿರಿಯಾನಿಯ ಬಗ್ಗೆ ಹೇಳೋಕೆ ಏನಿಲ್ಲ, ವ್ಯಾಪಾರಿ ಬಂದ ದಿನ ತಿನ್ನುತ್ತೇನೆ, ಸಾವಿರ ಅಂತ ಬರೆಯುತ್ತೇನೆ, ರಾತ್ರಿ ನೆಮ್ಮದಿಯಾಗಿ ಮಲಗುತ್ತೇನೆ.

ಒಂದು ಮಾತು ಮಾತ್ರ ಗಂಭೀರವಾಗಿ ಹೇಳಬೇಕು. ಈ ಲೆಕ್ಕ ಕೆಲವರ ತಲೆಗೆ ಹತ್ತುತ್ತದೆ. ನಮ್ಮ ಬಳಗದ ಒಂದು ಹುಡುಗಿ ಮದುವೆ ಊಟಕ್ಕೆ ಬರೋದನ್ನೇ ಬಿಟ್ಟಳು, ಬಂದರೂ ಎಲೆಯ ಮುಂದೆ ಕೂತು ಫೋನ್ ನೋಡುತ್ತಾ ಏನೂ ಮುಟ್ಟುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಇನ್ನೊಂದು ಆ್ಯಪ್ ಅಲ್ಲ, ಡಾಕ್ಟರ್. ಮನೆಯವರು ಕರೆದುಕೊಂಡು ಹೋದರು, ಈಗ ಪರವಾಗಿಲ್ಲ. ಊಟ ಕಂಡರೆ ಹೆದರಿಕೆ ಆಗುವಷ್ಟು ಲೆಕ್ಕ ಬೆಳೆದರೆ ಅಲ್ಲಿಗೆ ನಿಲ್ಲಿಸಬೇಕು.

ನನಗೆ ಹಾಗೇನೂ ಆಗಿಲ್ಲ, ಹೊಟ್ಟೆ ಅಷ್ಟು ಸುಲಭಕ್ಕೆ ಹೆದರುವುದಿಲ್ಲ. ತೂಕ ನಿಧಾನವಾಗಿ ಇಳಿಯುತ್ತಿದೆ, ಪ್ಯಾಂಟು ಸಡಿಲ ಆಗಿದೆ, ಜೀನ್ಸ್ ಹೊಲಿಯುವ ಹುಡುಗರು ಸೊಂಟದ ಅಳತೆ ಕೇಳಿ ನಗುತ್ತಾರೆ. ಈ ಶನಿವಾರ ಖಾನಾವಳಿಯಲ್ಲಿ ಶೇಂಗಾ ಹೋಳಿಗೆ ಮಾಡುತ್ತಾರಂತೆ. ಒಳಗೆ ಶೇಂಗಾ, ಎಳ್ಳು, ಬೆಲ್ಲ, ಮೇಲೆ ತುಪ್ಪ. ಒಂದು ತಿನ್ನೋದು ಅಂತ ತೀರ್ಮಾನ ಆಗಿದೆ, ಅದಕ್ಕೆ ಬದಲಾಗಿ ಅನ್ನ ಬಿಡಬೇಕೋ ಎಣ್ಣೆಗಾಯಿ ಬಿಡಬೇಕೋ ಅನ್ನೋದು ಇನ್ನೂ ಬಗೆಹರಿದಿಲ್ಲ. ಹೆಂಡತಿ ಎರಡೂ ಬಿಡ್ರಿ ಅನ್ನುತ್ತಾಳೆ. ಅದಂತೂ ಆಗೋ ಮಾತಲ್ಲ.